ಸಮಾಜ ಸೇವೆಯೂ ಸಮಾಜಕಾರ್ಯವೂ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಏರ್ಪಡಿಸಿದ ವಿದ್ಯಾರ್ಥಿ ಮಾರ್ಗದರ್ಶನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಈ ನಾಲ್ಕು ಊರುಗಳಲ್ಲಿ ಯಾವ ಬಸ್ ನಿಲ್ದಾಣದಲ್ಲಿ ಇಳಿದರೂ ನಿಮ್ಮ ಕಣ್ಣಿಗೆ ಮೊದಲು ಬೀಳುವುದು ಬ್ಯಾನರು. ಹಬ್ಬದ ಶುಭಾಶಯ, ಹುಟ್ಟುಹಬ್ಬದ ಶುಭಾಶಯ. ಕೈಮುಗಿದು ನಿಂತ ಫೋಟೊದ ಕೆಳಗೆ ಹೆಸರು, ಹೆಸರಿನ ಮುಂದೆ 'ಸಮಾಜ ಸೇವಕರು' ಎಂದು ಬರೆದಿರುತ್ತದೆ. ಸಮಾಜಕಾರ್ಯವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಬಗ್ಗೆ ಮಾತನಾಡಿರಿ ಎಂದು ಸಂಘದವರು ನನಗೆ ಹೇಳಿದ ದಿನ, ಈ ವಿಷಯವನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ಮುಂದೆ ಆಡಿದೆ. ಅವನು ಥಟ್ಟನೆ ಕೇಳಿದ: "ಅದಕ್ಕೂ ಲೈಸೆನ್ಸ್ ಇರ್ತದೇನ್ರಿ ಆಪಾ?" ಅಲ್ಲಿದ್ದವರೆಲ್ಲ ನಕ್ಕರು. ಪ್ರಶ್ನೆ ಮಾತ್ರ ಸರಿಯಾದದ್ದೇ. ಟ್ರ್ಯಾಕ್ಟರ್ ನಡೆಸಲು ಲೈಸೆನ್ಸ್ ಬೇಕು. ಔಷಧಿ ಅಂಗಡಿ ಇಡಲು ಬೇಕು. ವಕೀಲರಿಗೆ ಸನ್ನದು ಬೇಕು. ಇನ್ನೊಬ್ಬರ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ, ಗಂಡ ಹೆಂಡಿರ ಜಗಳ, ಮಗಳ ಮದುವೆ, ತಂದೆಯ ಸಾಲ ಇವುಗಳಲ್ಲಿ ಕೈ ಹಾಕುವವರಿಗೆ ಏನೂ ಬೇಡವೇ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಎಲ್ಲ ಸಮಾಜಕಾರ್ಯಕರ್ತರಿಗೂ ಅನ್ವಯಿಸುವ ಲೈಸೆನ್ಸ್ ಎಂಬುದು ಇಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಮಂಡಳಿ ಇದ್ದು, ಸಮಾಜಕಾರ್ಯದ ಪದವಿ ಪಡೆದು ಪರೀಕ್ಷೆ ಪಾಸಾದವರಿಗೆ ಮಾತ್ರ ಪರವಾನಗಿ ಕೊಡುತ್ತದೆ. ಆಪ್ತಚಿಕಿತ್ಸೆಯಂಥ ಕೆಲಸಕ್ಕೆ ಅದೂ ಸಾಲದು, ಹಿರಿಯರೊಬ್ಬರ ಕೈಕೆಳಗೆ ವರ್ಷಗಟ್ಟಲೆ ದುಡಿದ ಲೆಕ್ಕ ತೋರಿಸಬೇಕು. ಇಂಗ್ಲೆಂಡಿನಲ್ಲಿ 2005ರಿಂದ ನೋಂದಣಿ ಇಲ್ಲದವರು ತಮ್ಮನ್ನು 'ಸೋಶಿಯಲ್ ವರ್ಕರ್' ಎಂದು ಕರೆದುಕೊಳ್ಳುವುದೇ ಅಪರಾಧ. ನಮ್ಮಲ್ಲಿ 1990ರ ದಶಕದಿಂದ ಇಂಥ ರಾಷ್ಟ್ರೀಯ ಮಂಡಳಿಯೊಂದು ಆಗಬೇಕೆಂದು ಕರಡು ಮಸೂದೆಗಳು ತಯಾರಾಗಿವೆ, ಕಾನೂನು ಆಗಿಲ್ಲ. ಕೆಲವು ಕವಲುಗಳಿಗೆ ಮಾತ್ರ ಬಾಗಿಲು ಕಾಯುವವರು ಬಂದಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಅಂಗವಿಕಲರ ಪುನರ್ವಸತಿ ಕ್ಷೇತ್ರಕ್ಕೆ 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತು ಇದೆ. 2021ರಲ್ಲಿ ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ ಇನ್ನೊಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಅದರ ಪಟ್ಟಿಯಲ್ಲಿದ್ದಾರೆ. ಉಳಿದಂತೆ ನೀವೂ ನಾಳೆ ಒಂದು ಬ್ಯಾನರು ಕಟ್ಟಿಸಬಹುದು, ಯಾರೂ ಕೇಳುವುದಿಲ್ಲ.

ಯಾರೂ ಕೇಳುವುದಿಲ್ಲ ಎನ್ನುವುದರಿಂದ ಏನಾಗುತ್ತದೆ ಎಂದು ತಿಳಿಸಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ.

2018ರಲ್ಲಿ ನನ್ನ ವಿದ್ಯಾರ್ಥಿನಿ ಒಬ್ಬಳು ಎಂಟನೆಯ ತರಗತಿಯಲ್ಲಿದ್ದಳು. ಉರ್ದು ಬರಹ ಮುತ್ತಿನಂತೆ, ಕನ್ನಡವೂ ಅಷ್ಟೇ ಚೆಂದ. ದೀಪಾವಳಿ ರಜೆ ಮುಗಿದ ಮೇಲೆ ಎರಡು ವಾರ ಬರಲಿಲ್ಲ. ಗೆಳತಿಯರನ್ನು ಕೇಳಿದಾಗ ನಿಶ್ಚಯದ ಮಾತು ನಡೆದಿದೆ ಎಂದು ತಿಳಿಯಿತು. ನನಗೆ ಸಿಟ್ಟು ಬಂತು. ಮೊದಲು ಶಿಕ್ಷಕರ ಕೊಠಡಿಯಲ್ಲಿ ಎಲ್ಲರೆದುರು ಹೇಳಿದೆ. ಸಂಜೆ ಜಮಾತಿನ ಹಿರಿಯರೊಬ್ಬರ ಮನೆಗೆ ಹೋಗಿ ಹೇಳಿದೆ. ಮರುದಿನ ಅವಳ ಮನೆಯ ಬಾಗಿಲಲ್ಲಿ ನಿಂತು, ಓಣಿಯ ಮಂದಿ ಕೇಳುವಂತೆ, ಅವಳ ತಂದೆಗೆ ಕಾನೂನು ಹೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ಅವಳ ತಾಯಿ ಮಾತ್ರ, "ಆಪಾ, ಇಜ್ಜತ್ ಕಾ ಸವಾಲ್ ಹೈ," ಎಂದರು. ನಾನು ಧೈರ್ಯದ ಕೆಲಸ ಮಾಡಿದೆ ಎಂದುಕೊಂಡು ಮನೆಗೆ ಬಂದೆ. ಮೂರನೆಯ ದಿನ ಆ ಮನೆಗೆ ಬೀಗ ಬಿದ್ದಿತ್ತು. ಹುಡುಗಿಯನ್ನು ಬೇರೆ ಜಿಲ್ಲೆಯ ಸಂಬಂಧಿಕರ ಊರಿಗೆ ಕರೆದೊಯ್ದು ನಿಕಾಹ್ ಮುಗಿಸಿದ್ದರು. ಮುಂದಿನ ಬೇಸಿಗೆಗೆ ಎಂದುಕೊಂಡಿದ್ದ ಮದುವೆ ನನ್ನ ಮಾತಿನಿಂದಾಗಿ ಆ ವಾರವೇ ಆಯಿತು.

ಎರಡು ವರ್ಷಗಳ ಮೇಲೆ ಅವಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಾಗ ದಾರಿಯಲ್ಲಿ ಸಿಕ್ಕಳು. ಬೈಯಲಿಲ್ಲ, ಅಳಲಿಲ್ಲ. "ಆಪಾ, ನೀವು ಅವತ್ತು ಬರದಿದ್ರ ನಾ ಇನ್ನ ನಾಕು ತಿಂಗಳರೆ ಸಾಲಿಗೆ ಬರ್ತಿದ್ದೆ," ಎಂದಳು. ಅಷ್ಟೇ.

ನನ್ನ ಉದ್ದೇಶ ಒಳ್ಳೆಯದಿತ್ತು. ಉದ್ದೇಶ ಒಳ್ಳೆಯದಿದ್ದರೆ ಸಾಕು ಎಂಬ ನಂಬಿಕೆಯಲ್ಲಿಯೇ ನಾವು 'ಸಮಾಜ ಸೇವೆ' ಎಂಬ ಶಬ್ದವನ್ನು ಬಳಸುತ್ತೇವೆ. ವಿಶ್ವವಿದ್ಯಾಲಯದವರು ಬಳಸುವ ಶಬ್ದ ಬೇರೆ, 'ಸಮಾಜಕಾರ್ಯ'. ಶಬ್ದದಲ್ಲಿ ಏನಿದೆ ಎಂದು ನಾನೂ ಆಗ ಅಂದುಕೊಂಡಿದ್ದೆ. ಸೇವೆಗೆ ಮನಸ್ಸು ಸಾಕು. ಕಾರ್ಯಕ್ಕೆ ತರಬೇತಿ ಬೇಕು, ಬರೆದಿಟ್ಟ ದಾಖಲೆ ಬೇಕು, ಬಾಯಿ ಕಟ್ಟಿಕೊಳ್ಳುವ ಶಿಸ್ತು ಬೇಕು, ಕೆಟ್ಟರೆ ಉತ್ತರ ಕೊಡುವ ಹೊಣೆ ಬೇಕು.

ಈ ತರಬೇತಿ ನಮ್ಮ ದೇಶದಲ್ಲಿ ಆರಂಭವಾದ ಜಾಗ ನಮ್ಮ ಸಮುದಾಯದವರಿಗೆ ಅಪರಿಚಿತವೇನಲ್ಲ. ಮುಂಬಯಿಯ ನಾಗಪಾಡಾದಲ್ಲಿ, ಕೂಲಿಕಾರರ ಚಾಳುಗಳ ನಡುವೆ, ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಮಿಶನರಿ ನೆರೆಹೊರೆಯವರಿಗಾಗಿ ಒಂದು ಸೇವಾಕೇಂದ್ರ ನಡೆಸುತ್ತಿದ್ದರು. ಅಲ್ಲಿಯ ಅನುಭವದಿಂದ 1936ರಲ್ಲಿ ಟಾಟಾ ಟ್ರಸ್ಟಿನ ಹಣದಿಂದ ಸಮಾಜಕಾರ್ಯದ ಮೊದಲ ಶಾಲೆ ಹುಟ್ಟಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದರೆ ಅದೇ. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗವೂ ಹಳೆಯದೇ. ಅಲ್ಲಿಯೂ ಆಮೇಲೆ ಬೆಂಗಳೂರಿನಲ್ಲಿಯೂ ಕಲಿಸಿದ ಪ್ರೊ. ಎಚ್.ಎಂ. ಮರುಳಸಿದ್ಧಯ್ಯನವರು ಒಂದು ಹಳ್ಳಿಯ ಮುದುಕರ ಬಾಳನ್ನು ಅಭ್ಯಾಸ ಮಾಡಿ ಬರೆದ 'ಓಲ್ಡ್ ಪೀಪಲ್ ಆಫ್ ಮಾಕುಂಟಿ' ಎಂಬ ಇಂಗ್ಲಿಷ್ ಗ್ರಂಥವನ್ನು ವಿಶ್ವವಿದ್ಯಾಲಯ 1969ರಲ್ಲಿ ಪ್ರಕಟಿಸಿತು. ಸಮಾಜಕಾರ್ಯವನ್ನು ಕನ್ನಡದಲ್ಲಿ ಕಲಿಸಲು, ಬರೆಯಲು ಸಾಧ್ಯವೆಂದು ತೋರಿಸಿದವರಲ್ಲಿಯೂ ಅವರು ಪ್ರಮುಖರು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಗಳಲ್ಲಿಯೂ ಎಂ.ಎಸ್.ಡಬ್ಲ್ಯೂ. ಇದೆ. ದೂರದ ಊರಿಗೆ ಹೋಗಬೇಕೆಂಬ ಚಿಂತೆ ನಮಗಿಲ್ಲ.

ಪಿ.ಯು.ಸಿ. ಆದ ಮೇಲೆ ಬಿ.ಎಸ್.ಡಬ್ಲ್ಯೂ. ಎಂಬ ಪದವಿ ಇದೆ. ಆದರೆ ವೃತ್ತಿಯ ನಿಜವಾದ ಬಾಗಿಲು ಎಂ.ಎಸ್.ಡಬ್ಲ್ಯೂ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಇದು ಉಳಿದ ಎಂ.ಎ.ಗಳಂತೆ ನೋಟ್ಸ್ ಓದಿ ಪಾಸಾಗುವ ಕೋರ್ಸ್ ಅಲ್ಲ. ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ. ಆಸ್ಪತ್ರೆ, ಬಾಲಮಂದಿರ, ಕೊಳಗೇರಿ, ಹಳ್ಳಿ, ಕಾರ್ಖಾನೆ, ಎಲ್ಲಿಗೆ ಹಾಕಿದರೆ ಅಲ್ಲಿಗೆ ಹೋಗಬೇಕು. ಪ್ರತಿ ಭೇಟಿಯ ವರದಿ ಬರೆಯಬೇಕು. ಯಾರನ್ನು ಕಂಡೆ, ಅವರು ಏನೆಂದರು, ನಾನು ಏನೆಂದೆ, ಎಲ್ಲಿ ದುಡುಕಿದೆ ಎಂಬುದೆಲ್ಲ ಅದರಲ್ಲಿರಬೇಕು. ಮಾರ್ಗದರ್ಶಕರು ಅದನ್ನು ಓದಿ ಪ್ರಶ್ನೆ ಕೇಳುತ್ತಾರೆ. ಜೊತೆಗೆ ಗ್ರಾಮೀಣ ಶಿಬಿರ, ಕೊನೆಯಲ್ಲಿ ಸುಮಾರು ಒಂದು ತಿಂಗಳು ಒಂದೇ ಸಂಸ್ಥೆಯಲ್ಲಿದ್ದು ಮಾಡುವ ಕೆಲಸ, ಒಂದು ಪ್ರಬಂಧ. ವ್ಯಕ್ತಿಯೊಂದಿಗೆ, ಗುಂಪಿನೊಂದಿಗೆ, ಇಡೀ ಸಮುದಾಯದೊಂದಿಗೆ ಕೆಲಸ ಮಾಡುವ ಮೂರು ಬೇರೆ ಬೇರೆ ವಿಧಾನಗಳನ್ನು ಕಲಿಸುತ್ತಾರೆ. ನಾನು 2018ರಲ್ಲಿ ಮಾಡಿದ ತಪ್ಪು ಈ ವರದಿಯಲ್ಲಿ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಬಿ.ಎಡ್.ನಲ್ಲಿ ನನಗೆ ಪಾಠ ಟಿಪ್ಪಣಿ ಬರೆಯಲು ಕಲಿಸಿದ್ದರು, ಪಾಠದ ಹೊರಗೆ ನಿಂತ ಮಗುವಿನ ಬಗ್ಗೆ ಏನು ಬರೆಯಬೇಕೆಂದು ಹೇಳಿರಲಿಲ್ಲ.

ಈ ವಿದ್ಯೆ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು 2022ರಲ್ಲಿ. ಎಂ.ಎಸ್.ಡಬ್ಲ್ಯೂ. ಓದುತ್ತಿದ್ದ, ಕಲಘಟಗಿ ಕಡೆಯ ಲಿಂಗಾಯತರ ಮನೆಯ ಹುಡುಗಿಯೊಬ್ಬಳು ಕ್ಷೇತ್ರಕಾರ್ಯಕ್ಕೆಂದು ನಮ್ಮ ಹಳ್ಳಿಗೆ ಬರುತ್ತಿದ್ದಳು. ವಯಸ್ಸು ಇಪ್ಪತ್ಮೂರು ಇರಬೇಕು. ಅದೇ ಸಮಯಕ್ಕೆ ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ, ಹದಿನಾರು ತುಂಬಿದ ಹುಡುಗಿಯೊಬ್ಬಳ ಮದುವೆ ಮಾತು ಎದ್ದಿತ್ತು. ನಾನು ಈ ಸಲ ಬಾಯಿ ಬಿಡದೆ ಅವಳೊಬ್ಬಳಿಗೇ ಹೇಳಿದೆ. ಅವಳು ಮೊದಲ ದಿನ ಆ ಮನೆಗೆ ಹೋಗಿ ತಾಯಿಯ ಜೊತೆ ಕುಳಿತು ಮೆಣಸಿನಕಾಯಿಯ ತುಂಬು ಬಿಡಿಸಿ ಬಂದಳು. ಮದುವೆಯ ಮಾತೇ ಇಲ್ಲ! ಎರಡನೆಯ ಸಲವೂ ಅಷ್ಟೇ. ನನಗೆ ತಾಳ್ಮೆ ತಪ್ಪಿ, "ಇದೇನವ್ವಾ, ಮೆಣಸಿನಕಾಯಿ ಬಿಡಸಾಕ ಬಂದೀಯೇನ ನೀ?" ಎಂದೆ. "ಅಕ್ಕೋರ, ಅವರು ಯಾಕ ಮದುವಿ ಮಾಡಾಕ ಹೊಂಟಾರ ಅಂತ ನಮಗಿನ್ನ ಗೊತ್ತಾಗಿಲ್ರಿ," ಎಂದಳು.

ಮೂರನೆಯ ಭೇಟಿಯಲ್ಲಿ ಗೊತ್ತಾಯಿತು. ತಾಯಿಗೆ ಮದುವೆಯ ಆತುರವಿರಲಿಲ್ಲ. ಕಾಲೇಜು ಹದಿನಾಲ್ಕು ಕಿಲೋಮೀಟರು ದೂರ, ಸಂಜೆಯ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲ. ಒಮ್ಮೆ ಓಣಿಯ ಇನ್ನೊಬ್ಬ ಹುಡುಗಿ ಕತ್ತಲಲ್ಲಿ ಮನೆಗೆ ಬಂದಾಗ ಎದ್ದ ಮಾತುಗಳಿಗೆ ಇವರು ಹೆದರಿದ್ದರು. ಮೇಲೆ ತಂದೆಯ ಸಾಲ, ವರನ ಕಡೆಯವರು ಈಗಲೇ ಆದರೆ ಏನೂ ಕೇಳುವುದಿಲ್ಲ ಎಂದಿದ್ದರು. ಅಂದರೆ ಬೇಕಾಗಿದ್ದದ್ದು ಕಾನೂನಿನ ಭಾಷಣಕ್ಕಿಂತ ಮೊದಲು ಒಂದು ಹಾಸ್ಟೆಲ್ ಸೀಟು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಸತಿ ನಿಲಯದ ಅರ್ಜಿಯನ್ನು ಅವಳೇ ತಂದು ತುಂಬಿಸಿದಳು. ನಮ್ಮ ಶಾಲೆಯ ದಾಖಲಾತಿ ವಹಿಯಿಂದ ಜನ್ಮ ದಿನಾಂಕದ ಪ್ರಮಾಣಪತ್ರ ತೆಗೆಸಿದಳು. ವಯಸ್ಸಿನ ಪ್ರಶ್ನೆ ಎದ್ದಾಗ ಬಾಲನ್ಯಾಯ ಕಾಯ್ದೆಯ ಪ್ರಕಾರ ಮೊದಲು ನೋಡುವುದು ಶಾಲೆಯ ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನೇ ಎಂಬುದು, ಹತ್ತು ವರ್ಷ ಆ ವಹಿಯನ್ನು ಬರೆದ ನನಗೆ ಗೊತ್ತಿರಲಿಲ್ಲ.

ಆಮೇಲೆ ತಂದೆಯೊಬ್ಬರನ್ನೇ ಹೊಲದಲ್ಲಿ ಕಂಡು ಮಾತನಾಡಿದಳು. ಮರೆಮಾಚಲಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿಯಂತೆ ಹದಿನೆಂಟಕ್ಕೆ ಮೊದಲು ಮಾಡಿದ ಮದುವೆ ಊರ್ಜಿತವೇ ಆಗುವುದಿಲ್ಲ, ದಿನ ಗೊತ್ತಾದರೆ ನಾನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ತಿಳಿಸಲೇಬೇಕಾಗುತ್ತದೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದಳು. ತನ್ನ ಮಾರ್ಗದರ್ಶಕರಿಗೂ ಇಲಾಖೆಯವರಿಗೂ ವಿಷಯ ಮುಟ್ಟಿಸಿದಳು. ಅವರು ಬಂದು ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡರು, ಓಣಿಗೆ ಸುದ್ದಿಯಾಗಲಿಲ್ಲ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಮುಂದಿನ ಹೆಜ್ಜೆ. ಜಮಾತಿನವರನ್ನು ಕಂಡು, ಈ ಹುಡುಗಿಯ ಹೆಸರನ್ನೇ ಎತ್ತದೆ, ಇನ್ನು ಮೇಲೆ ಪ್ರತಿಯೊಂದು ನಿಕಾಹ್‌ಗೂ ಮುಂಚೆ ವಧೂವರರ ವಯಸ್ಸಿನ ದಾಖಲೆಯ ಪ್ರತಿಯನ್ನು ರಿಜಿಸ್ಟರಿನ ಜೊತೆ ಇಟ್ಟುಕೊಳ್ಳಿರಿ ಎಂದು ಕೇಳಿಕೊಂಡಳು. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಯಾರ ಮನೆಯ ಮಾನವೂ ಹೋಗಲಿಲ್ಲ. ಹಿರಿಯರು ಒಪ್ಪಿದರು. ಒಬ್ಬರ ಸಮಸ್ಯೆಯಿಂದ ಇಡೀ ಊರಿನ ವ್ಯವಸ್ಥೆಗೆ ಹೇಗೆ ಹೋಗಬೇಕು ಎಂಬುದನ್ನು ಅವಳು ಪುಸ್ತಕದಲ್ಲಿ ಓದಿದ್ದಳು, ನಾನು ಅವಳನ್ನು ನೋಡಿ ಕಲಿತೆ.

ಅವಳಿಗೆ ಉರ್ದು ಬರುತ್ತಿರಲಿಲ್ಲ. ಆ ತಾಯಿ ನಮ್ಮ ದಖನಿಯಲ್ಲಿ ಅಂದ ಎಷ್ಟೋ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ಇಲ್ಲಿ ಕುಳಿತ ನೀವು ಮನೆಯಲ್ಲಿ ಉರ್ದು, ಬಜಾರಿನಲ್ಲಿ ಕನ್ನಡ, ಕಚೇರಿಯಲ್ಲಿಯೂ ಕನ್ನಡ ಎಂದು ದಿನವೂ ಮಾಡುವ ಓಡಾಟ ಈ ವೃತ್ತಿಯಲ್ಲಿ ಒಂದು ಅರ್ಹತೆ. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆ ತಾಯಿ ಕೆಲವು ವಿಷಯಗಳನ್ನು ಅವಳ ಮುಂದೆ ಹೇಳಿದ್ದು, ಅವಳು ನಮ್ಮವಳಲ್ಲ ಎಂಬ ಕಾರಣಕ್ಕೆ. ನಮ್ಮವರಿಗೆ ಹೇಳಿದರೆ ಜುಮ್ಮಾದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ. ನಮ್ಮ ಹುಡುಗ ಹುಡುಗಿಯರು ಈ ವೃತ್ತಿಗೆ ಬಂದಾಗ ಗೆಲ್ಲಬೇಕಾದದ್ದು ಮೊದಲು ಈ ಭಯವನ್ನೇ.

ಈಗ ಹೊಟ್ಟೆಪಾಡಿನ ಮಾತು. ಎಂ.ಎಸ್.ಡಬ್ಲ್ಯೂ. ಆದವರು ಎಲ್ಲಿಗೆ ಹೋಗುತ್ತಾರೆ? ಮಕ್ಕಳ ಕ್ಷೇತ್ರದಲ್ಲಿ ಪ್ರತಿ ಜಿಲ್ಲೆಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ, ಅಲ್ಲಿ ಸಮಾಜಕಾರ್ಯಕರ್ತರ ಹುದ್ದೆಗಳಿವೆ. 1996ರಲ್ಲಿ ಮುಂಬಯಿಯಲ್ಲಿ ಟಾಟಾ ಸಂಸ್ಥೆಯಿಂದಲೇ ಆರಂಭವಾದ 1098 ಸಹಾಯವಾಣಿ 2023ರಲ್ಲಿ ಸರ್ಕಾರದ ಕೈಗೆ ಬಂದ ಮೇಲೆ ಅದೂ ಈ ಘಟಕದ ಜೊತೆಗೇ ನಡೆಯುತ್ತದೆ. ಬಾಲ ನ್ಯಾಯ ಮಂಡಳಿಯಲ್ಲಿ ನ್ಯಾಯಾಧೀಶರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂಡುತ್ತಾರೆ, ಒಬ್ಬರು ಮಹಿಳೆ ಇರಲೇಬೇಕು. ಅದಕ್ಕೆ ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣ ಕ್ಷೇತ್ರದಲ್ಲಿ ಏಳು ವರ್ಷ ದುಡಿದಿರಬೇಕು, ಇಲ್ಲವೇ ಮಕ್ಕಳ ಮನೋವಿಜ್ಞಾನ, ಮನೋವೈದ್ಯ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಪಡೆದ ವೃತ್ತಿನಿರತರಾಗಿರಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರಿರುತ್ತಾರೆ. ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿ. 1948ರ ಕಾಯ್ದೆಯಂತೆ 500 ಕಾರ್ಮಿಕರಿದ್ದಲ್ಲಿ ಈ ಹುದ್ದೆ ಕಡ್ಡಾಯವಿತ್ತು, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ಹುಬ್ಬಳ್ಳಿ ಧಾರವಾಡದ ಕೈಗಾರಿಕೆಗಳತ್ತ ನೋಡುವ ಗಂಡು ಮಕ್ಕಳು ಇದನ್ನು ಗಮನಿಸಬೇಕು. ಸ್ವಯಂಸೇವಾ ಸಂಸ್ಥೆಗಳಂತೂ ಇದ್ದೇ ಇವೆ, ಕಲಘಟಗಿ ತಾಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ಬೈಫ್ ಸಂಸ್ಥೆಯ ಕೇಂದ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಮನೋವೈದ್ಯಕೀಯ ಸಮಾಜಕಾರ್ಯದ ದಾರಿ ಕಠಿಣ, ಆದರೆ ನೋಂದಣಿ ಇರುವುದರಿಂದ ಸ್ಥಾನ ಭದ್ರ. ಎಂ.ಎಸ್.ಡಬ್ಲ್ಯೂ. ಮೇಲೆ ಎರಡು ವರ್ಷದ ಎಂ.ಫಿಲ್. ಬೇಕೆಂದು ಕಾಯ್ದೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ನಮ್ಮ ಧಾರವಾಡದ ಡಿಮ್ಹಾನ್ಸ್‌ನಲ್ಲಿ ಈ ತರಬೇತಿ ನಡೆದು ಬಂದಿದೆ. ಆದರೆ ಎಂ.ಫಿಲ್. ಪದವಿಯನ್ನೇ ಯು.ಜಿ.ಸಿ. 2022ರಲ್ಲಿ ನಿಲ್ಲಿಸಿ, ಈ ವಿಷಯಕ್ಕೂ ಚಿಕಿತ್ಸಾ ಮನೋವಿಜ್ಞಾನಕ್ಕೂ ಮಾತ್ರ 2025-26ನೆಯ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಆದ್ದರಿಂದ ಈ ಕಡೆ ಹೋಗುವವರು ತಾವು ಅರ್ಜಿ ಹಾಕುವ ವರ್ಷ ಯಾವ ಪದವಿ ಮಾನ್ಯ ಎಂದು ಆಯಾ ಸಂಸ್ಥೆಯಲ್ಲಿಯೇ ವಿಚಾರಿಸಿಕೊಳ್ಳಿರಿ. ಯಾರೋ ಹೇಳಿದ್ದನ್ನು ನಂಬಿ, ನಾನು ಹೇಳಿದ್ದನ್ನೂ ನಂಬಿ, ಹಣ ಕಟ್ಟಬೇಡಿರಿ.

ಸಂಬಳದ ಬಗ್ಗೆ ಸುಳ್ಳು ಹೇಳಲಾರೆ. ಮಕ್ಕಳ ರಕ್ಷಣಾ ಘಟಕದ ಹುದ್ದೆಗಳು ಗುತ್ತಿಗೆಯವು. ಕಾಯಂ ಶಿಕ್ಷಕರ ಸಂಬಳಕ್ಕಿಂತ ಕಡಿಮೆ. ಸ್ವಯಂಸೇವಾ ಸಂಸ್ಥೆಯ ಯೋಜನೆ ಮುಗಿದರೆ ಕೆಲಸವೂ ಮುಗಿಯಬಹುದು. ಮನೆ ನಡೆಸುವ ಒಬ್ಬನೇ ಮಗ ನೀವಾಗಿದ್ದರೆ ಕಾರ್ಖಾನೆ ಅಥವಾ ಆಸ್ಪತ್ರೆಯ ಕವಲನ್ನು ಆರಿಸಿಕೊಳ್ಳುವುದು ತಪ್ಪೇನಲ್ಲ ಎಂಬುದು ನನ್ನ ಅಭಿಪ್ರಾಯ.

ಹಿರಿಯರಲ್ಲಿ ಕೆಲವರು, ಖಿದ್ಮತ್‌ಗೆ ಸಂಬಳ ತೆಗೆದುಕೊಳ್ಳುವುದೇ ಎಂದು ಕೇಳುತ್ತಾರೆ. ಅರಬ್ಬಿ ಕಲಿಸುವ ಮೌಲಾನಾರಿಗೂ ನನಗೂ ನೀವು ಸಂಬಳ ಕೊಡುತ್ತೀರಲ್ಲ! ಕೊಡುವ ಕೈ ನಮ್ಮಲ್ಲಿ ಕಡಿಮೆಯಿಲ್ಲ. ರಂಜಾನಿನಲ್ಲಿ ಜಕಾತ್, ಫಿತ್ರಾ ಎಷ್ಟು ಬರುತ್ತದೆ ಎಂಬುದು ಈ ಸಂಘದ ಖಜಾಂಚಿಯವರಿಗೆ ಗೊತ್ತು. ಆದರೆ ಒಬ್ಬ ವಿಧವೆಗೆ ಒಂದು ಸಲ ರೇಷನ್ ಕೊಟ್ಟು ಕಳಿಸುವವರು ನೂರು ಜನರಿದ್ದರೆ, ಅವಳ ಆಧಾರ್‌ನಲ್ಲಿ 'ಮೆಹಬೂಬಬಿ' ಎಂದೂ ಬ್ಯಾಂಕಿನ ಪುಸ್ತಕದಲ್ಲಿ 'ಮಾಬೂಬಿ' ಎಂದೂ ಇರುವುದನ್ನು ಸರಿಪಡಿಸಿ, ನಾಡಕಚೇರಿಗೆ ಮೂರು ಸಲ ಅಲೆದು, ತಿಂಗಳು ತಿಂಗಳು ಪಿಂಚಣಿ ಬರುವಂತೆ ಮಾಡುವವರು ಒಬ್ಬರೂ ಸಿಗುವುದಿಲ್ಲ. ನವಲಗುಂದದ ಜಮಖಾನೆಯನ್ನೇ ನೋಡಿರಿ. ಭೌಗೋಳಿಕ ಗುರುತು ಸಿಕ್ಕಿ ಹೆಸರು ಲೋಕಕ್ಕೆಲ್ಲ ಗೊತ್ತಾಗಿದೆ. ಅದನ್ನು ನೇಯುವವರು ನಮ್ಮ ಹೆಂಗಸರು, ಮಗ್ಗ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಆ ತಾಯಂದಿರನ್ನು ಒಂದುಗೂಡಿಸಿ, ಲೆಕ್ಕ ಇಟ್ಟು, ಮಾರುಕಟ್ಟೆ ಹಿಡಿದು ಕೊಡುವುದು ಭಾಷಣದ ಕೆಲಸವಲ್ಲ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು 1980ರ ದಶಕದಲ್ಲಿ ಮಂತ್ರಿಯಾಗಿ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡರು. ಆದರೆ ಜೊತೆಗೆ ಜಿಲ್ಲಾ ಪರಿಷತ್ತಿನ ವ್ಯವಸ್ಥೆಯನ್ನೂ ಕಟ್ಟಿ, ಅಧಿಕಾರವನ್ನು ಹಳ್ಳಿಯತ್ತ ತಂದರು. ಬಾವಿ ತೋಡಿಸುವುದು ಪುಣ್ಯ. ಬಾವಿ ಕೆಟ್ಟಾಗ ಯಾರನ್ನು ಕೇಳಬೇಕು ಎಂಬ ವ್ಯವಸ್ಥೆ ಮಾಡಿದ್ದು ಅವರ ಹೆಚ್ಚಳ.

ಸಂಘದವರಲ್ಲಿ ನನ್ನದೊಂದು ವಿನಂತಿ. ಪ್ರತಿ ವರ್ಷ ಡಾಕ್ಟರು, ಇಂಜಿನಿಯರು ಓದುವವರಿಗೆ ಕೊಡುವ ವಿದ್ಯಾರ್ಥಿವೇತನದಲ್ಲಿ ಎಂ.ಎಸ್.ಡಬ್ಲ್ಯೂ. ಓದುವ ಇಬ್ಬರನ್ನು ಸೇರಿಸಿರಿ, ಒಬ್ಬಳು ಹುಡುಗಿ ಇರಲಿ. ಓದು ಮುಗಿಯುವತನಕ ಅವರ ಕ್ಷೇತ್ರಕಾರ್ಯವನ್ನು ನಮ್ಮ ಬೈತುಲ್‌ಮಾಲ್ ಕಚೇರಿಯಲ್ಲಿಯೇ ಮಾಡಲು ವಿಶ್ವವಿದ್ಯಾಲಯವನ್ನು ಕೇಳಿಕೊಳ್ಳಬಹುದು.

ಭಾಷಣ ಮುಗಿದ ಮೇಲೆ ಅಣ್ಣಿಗೇರಿಯ ಒಬ್ಬ ವಿದ್ಯಾರ್ಥಿನಿ, ಬಿ.ಕಾಂ. ಓದಿದವರಿಗೂ ಸೀಟು ಕೊಡುತ್ತಾರೆಯೇ ಎಂದು ಕೇಳಿದಳು. ಉಳಿದವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇನೆ. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಯಾವುದೇ ಪದವಿ ಆದವರು ಅರ್ಜಿ ಹಾಕಬಹುದು. ಪ್ರವೇಶ ಪ್ರಕಟಣೆಯನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ನೋಡಿಕೊಳ್ಳಿರಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಈಗಲೇ ನಾಡಕಚೇರಿಯಿಂದ ಮಾಡಿಸಿಟ್ಟುಕೊಳ್ಳಿರಿ, ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಅರ್ಜಿಗೂ ಅವೇ ಬೇಕು. ಆಧಾರ್, ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲಿಯೂ ಹೆಸರಿನ ಅಕ್ಷರ ಒಂದೇ ಇದೆಯೇ ಎಂದು ನೋಡಿರಿ. ಜನ್ಮ ದಿನಾಂಕವನ್ನೂ ನೋಡಿರಿ. ನಮ್ಮ ಕಡೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ, ಹಿಂದಿನ ಮಾಸ್ತರರು ಹಾಗೆ ಬರೆದುಕೊಂಡಿದ್ದಾರೆ. ಎಲ್ಲಿಯಾದರೂ ವ್ಯತ್ಯಾಸವಿದ್ದರೆ ಭಾನುವಾರ ಮಧ್ಯಾಹ್ನ ಕಾಗದಗಳನ್ನು ತೆಗೆದುಕೊಂಡು ಸಂಘದ ಕಚೇರಿಗೆ ಬನ್ನಿರಿ, ನಾನು ಅಲ್ಲಿರುತ್ತೇನೆ.